ಕರೆಂಟ್ ಬಂದ ಮೇಲೂ ನೆಟ್‌ವರ್ಕ್ ಬರುವುದಿಲ್ಲ ಏಕೆ?

ಓದುಗರ ಪ್ರಶ್ನೆಗಳು: ಕಚೇರಿಯ ಕಂಪ್ಯೂಟರ್ ಜಾಲ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಎರಡೇ ದೂರುಗಳು. ಕರೆಂಟ್ ಹೋಗಿ ಬಂದಾಗ ಸ್ವಿಚ್, ಅಂದರೆ ಕಚೇರಿಯ ಕಂಪ್ಯೂಟರ್‌ಗಳ ಕೇಬಲ್‌ಗಳನ್ನೆಲ್ಲ ಒಂದೆಡೆ ಸೇರಿಸುವ ಪೆಟ್ಟಿಗೆ, ಎದ್ದೇಳಲು ತಡಮಾಡುತ್ತದೆ ಎಂಬುದು ಒಂದು. ಎರಡು ಕೇಬಲ್ ಎಳೆದರೂ ವೇಗ ಹೆಚ್ಚಲಿಲ್ಲ ಎಂಬುದು ಇನ್ನೊಂದು. ಮುಂಗಾರಿಗೆ ಮೊದಲು ಗುಡುಗು-ಸಿಡಿಲಿನ ಮಳೆ ಶುರುವಾದಾಗ ಹುಬ್ಬಳ್ಳಿಯಲ್ಲಿ ನನ್ನ ಫೋನಿಗೂ ಇವೇ ದೂರುಗಳು ಬರುತ್ತವೆ. ನೆಟ್‌ವರ್ಕ್ ಕಟ್ಟಿಕೊಡುವುದು, ಕಟ್ಟಿದ್ದನ್ನು ಕಾಪಾಡುವುದು ನನ್ನ ಉದ್ಯೋಗ. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿಕೊಂಡಿದ್ದರಿಂದ ಎಲ್ಲರ ಹೆಸರನ್ನೂ ಬಿಟ್ಟು ಊರು ಮತ್ತು ಉದ್ಯೋಗವನ್ನಷ್ಟೇ ಉಳಿಸಿದ್ದೇನೆ.

ಪ್ರಶ್ನೆ: ಅಕ್ಕನವರಿಗೆ ನಮಸ್ಕಾರ. ನಮ್ಮದು ಆಫ್‌ಸೆಟ್ ಮುದ್ರಣಾಲಯ. ಡಿಟಿಪಿ ಕಂಪ್ಯೂಟರ್‌ಗಳು, ಫೈಲ್ ಸರ್ವರ್, ಪ್ಲೇಟ್ ತೆಗೆಯುವ ಯಂತ್ರ ಎಲ್ಲವೂ 24 ಪೋರ್ಟಿನ ಒಂದು ಮ್ಯಾನೇಜ್ಡ್ ಸ್ವಿಚ್‌ಗೆ ಸೇರಿವೆ. ಕರೆಂಟ್ ಹೋಗಿ ಬಂದರೆ ಕಂಪ್ಯೂಟರ್‌ಗಳು ಬೇಗ ಶುರುವಾಗುತ್ತವೆ, ನೆಟ್‌ವರ್ಕ್ ಮಾತ್ರ ಆರೇಳು ನಿಮಿಷ ಬರುವುದಿಲ್ಲ. ಕೆಲವು ಕಂಪ್ಯೂಟರ್‌ಗಳಲ್ಲಿ 169.254 ಎಂದು ಶುರುವಾಗುವ ವಿಳಾಸ ಕಾಣುತ್ತದೆ. ಸ್ಪ್ಯಾನಿಂಗ್ ಟ್ರೀ ಬಂದ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ರಿಪೇರಿಗೆ ಬಂದ ಹುಡುಗ ಹೇಳಿದ. ಮದುವೆ ಪತ್ರಿಕೆಯ ಕಾಲದಲ್ಲಿ ಒಂದೊಂದು ನಿಮಿಷವೂ ನಮಗೆ ದೊಡ್ಡದು. ಹೊಸ ಸ್ವಿಚ್ ಕೊಳ್ಳಬೇಕೇ?
— ಮುದ್ರಣಾಲಯದ ಮಾಲೀಕರು, ಗದಗ-ಬೆಟಗೇರಿ

ಉತ್ತರ: ಕೊಳ್ಳುವುದು ಬೇಡ. ಸ್ಪ್ಯಾನಿಂಗ್ ಟ್ರೀ ಎಂದರೆ ಜಾಲದಲ್ಲಿ ಸುತ್ತುದಾರಿಗಳಾಗದಂತೆ ಸ್ವಿಚ್ ನೋಡಿಕೊಳ್ಳುವ ವಿಧಾನ; ಅದನ್ನು ಬಂದ್ ಮಾಡುವುದಂತೂ ಖಂಡಿತ ಬೇಡ.

ನೀವು ಹೇಳುವ ಆರೇಳು ನಿಮಿಷ ಒಂದೇ ತಡವಲ್ಲ, ಮೂರು ತಡಗಳು ಒಂದರ ಹಿಂದೊಂದು ಸೇರಿಕೊಂಡಿವೆ. ಮೊದಲನೆಯದು ಸ್ವಿಚ್ ತಾನೇ ಎದ್ದೇಳುವ ಸಮಯ. ಮ್ಯಾನೇಜ್ಡ್ ಸ್ವಿಚ್ ಎಂದರೆ ಅದರೊಳಗೂ ಒಂದು ಕಂಪ್ಯೂಟರ್ ಇರುತ್ತದೆ. ತನ್ನ ಯಂತ್ರಾಂಶವನ್ನು ಪರೀಕ್ಷಿಸಿಕೊಂಡು, ಫ್ಲ್ಯಾಶ್ ಮೆಮೊರಿಯಿಂದ ತಂತ್ರಾಂಶವನ್ನು ಬಿಚ್ಚಿಕೊಂಡು, ಸಂರಚನೆಯ ಕಡತವನ್ನು ಓದಿ ಮುಗಿಸಿದ ಮೇಲೆಯೇ ಅದು ಪೋರ್ಟ್‌ಗಳನ್ನು, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿಗಳನ್ನು, ತೆರೆಯುತ್ತದೆ. ಸಣ್ಣ ಸ್ವಿಚ್‌ಗೆ ಒಂದೆರಡು ನಿಮಿಷ ಸಾಕು. ದೊಡ್ಡದಕ್ಕೆ ಐದಾರು ನಿಮಿಷವೂ ಹಿಡಿಯಬಹುದು.

ಎರಡನೆಯದು ಸ್ಪ್ಯಾನಿಂಗ್ ಟ್ರೀ ಕಾಯಿಸುವ ಸಮಯ. ಪೋರ್ಟಿಗೆ ಜೀವ ಬಂದ ಕೂಡಲೇ ಹಳೆಯ ಸ್ಪ್ಯಾನಿಂಗ್ ಟ್ರೀ ಅದನ್ನು ಸಂಚಾರಕ್ಕೆ ಬಿಡುವುದಿಲ್ಲ. 15 ಸೆಕೆಂಡ್ ಸುಮ್ಮನೆ ಆಲಿಸುತ್ತದೆ, ಇನ್ನು 15 ಸೆಕೆಂಡ್ ಆ ಕಡೆ ಯಾರಿದ್ದಾರೆ ಎಂದು ಕಲಿಯುತ್ತದೆ. ಹೀಗೆ 30 ಸೆಕೆಂಡ್ ಪೋರ್ಟಿನ ದೀಪ ಉರಿಯುತ್ತಿದ್ದರೂ ಒಂದು ಮಾತೂ ದಾಟುವುದಿಲ್ಲ.

ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಮೂರನೆಯದು. ದೀಪ ಉರಿದ ಕೂಡಲೇ ಕಂಪ್ಯೂಟರ್ ತನಗೊಂದು ವಿಳಾಸ ಕೊಡಿ ಎಂದು ಡಿಎಚ್‌ಸಿಪಿ ಎಂಬ ವಿಳಾಸ ಹಂಚುವ ವ್ಯವಸ್ಥೆಯನ್ನು ಕೇಳುತ್ತದೆ. ಪೋರ್ಟ್ ಇನ್ನೂ ಮುಚ್ಚಿಯೇ ಇರುವುದರಿಂದ ಆ ಕೂಗು ಎಲ್ಲಿಗೂ ತಲುಪುವುದಿಲ್ಲ. ಒಂದು ವೇಳೆ ತಲುಪಿದರೂ ವಿಳಾಸ ಹಂಚುವ ರೌಟರ್ ಇನ್ನೂ ಎದ್ದಿರುವುದಿಲ್ಲ. ಕೆಲವು ಸಲ ಕೇಳಿ ನೋಡಿ, ಉತ್ತರ ಸಿಗದೆ ವಿಂಡೋಸ್ ತಾನೇ 169.254ರಿಂದ ಶುರುವಾಗುವ ಒಂದು ವಿಳಾಸವನ್ನು ಹಾಕಿಕೊಂಡು ಕೂರುತ್ತದೆ. ಆಮೇಲೆ ಐದು ನಿಮಿಷಕ್ಕೊಮ್ಮೆ ಮಾತ್ರ ಮತ್ತೆ ಕೇಳುತ್ತದೆ. ಸ್ವಿಚ್‌ನ ಅರ್ಧ ನಿಮಿಷ ನಿಮ್ಮ ಕೆಲಸಗಾರರ ಮುಂದೆ ಐದು ನಿಮಿಷವಾಗಿ ನಿಲ್ಲುವುದು ಹೀಗೆ. ಹೊಸ ಸ್ವಿಚ್ ಬಂದರೂ ಈ ಸರಪಳಿ ಹೀಗೆಯೇ ಉಳಿಯುತ್ತದೆ.

ಇದಕ್ಕೆ ಮದ್ದು ಸುಲಭ. ಕಂಪ್ಯೂಟರ್, ಪ್ರಿಂಟರ್, ಪ್ಲೇಟ್ ಯಂತ್ರದಂತಹ ಕೊನೆಯ ಸಾಧನಗಳಿರುವ ಪೋರ್ಟ್‌ಗಳನ್ನು ‘ಎಡ್ಜ್ ಪೋರ್ಟ್’ ಎಂದು ಸ್ವಿಚ್‌ಗೆ ತಿಳಿಸಿ. ಸಿಸ್ಕೊ ಕಂಪನಿಯ ಸ್ವಿಚ್‌ಗಳಲ್ಲಿ ಇದನ್ನು ಪೋರ್ಟ್‌ಫಾಸ್ಟ್ ಎನ್ನುತ್ತಾರೆ. ಆಗ ಆ ಪೋರ್ಟ್ 30 ಸೆಕೆಂಡ್ ಕಾಯದೆ ಕೂಡಲೇ ತೆರೆದುಕೊಳ್ಳುತ್ತದೆ. ಜೊತೆಗೆ ಹಳೆಯ ವಿಧಾನ ಬಿಟ್ಟು ರ‍್ಯಾಪಿಡ್ ಸ್ಪ್ಯಾನಿಂಗ್ ಟ್ರೀಗೆ ಬದಲಿಸಿ. 2001ರಲ್ಲಿ 802.1ಡಬ್ಲ್ಯೂ ಎಂಬ ಹೆಸರಿನಲ್ಲಿ ಬಂದ ಈ ಮಾನಕ ಈಗ ಬಹುತೇಕ ಎಲ್ಲ ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿಯೂ ಇದೆ.

ಇಲ್ಲಿ ಹಲವು ತಂತ್ರಜ್ಞರು ತಪ್ಪು ತಿಳಿಯುತ್ತಾರೆ, ಆದ್ದರಿಂದ ಒತ್ತಿ ಹೇಳುತ್ತೇನೆ. ರ‍್ಯಾಪಿಡ್ ಎಂದು ಬದಲಿಸಿದ ಮಾತ್ರಕ್ಕೆ ಕಂಪ್ಯೂಟರ್‌ನ ಪೋರ್ಟ್ ಬೇಗ ತೆರೆಯುವುದಿಲ್ಲ. ರ‍್ಯಾಪಿಡ್ ವಿಧಾನದ ವೇಗ ಎರಡು ಸ್ವಿಚ್‌ಗಳು ಪರಸ್ಪರ ಮಾತನಾಡಿ ಒಪ್ಪಂದಕ್ಕೆ ಬರುವುದರಿಂದ ಸಿಗುತ್ತದೆ. ಕಂಪ್ಯೂಟರ್‌ಗೆ ಆ ಮಾತು ಬರುವುದಿಲ್ಲ. ಉತ್ತರ ಬಾರದ ಪೋರ್ಟನ್ನು ಸ್ವಿಚ್ ಮತ್ತೆ ಹಳೆಯಂತೆಯೇ 30 ಸೆಕೆಂಡ್ ಕಾಯಿಸುತ್ತದೆ. ಎಡ್ಜ್ ಎಂದು ಗುರುತಿಸುವ ಕೆಲಸ ತಪ್ಪುವುದಿಲ್ಲ.

ಇನ್ನು ಆ ಹುಡುಗನ ಸಲಹೆ. ಅವನ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಸ್ಪ್ಯಾನಿಂಗ್ ಟ್ರೀ ಏಕೆ ಇದೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಇಂಟರ್ನೆಟ್ಟಿನಲ್ಲಿ ಓಡಾಡುವ ಐಪಿ ಪ್ಯಾಕೆಟ್ ಎಂಬ ಮಾಹಿತಿಯ ತುಣುಕಿಗೆ ಆಯುಸ್ಸಿನ ಲೆಕ್ಕ ಇರುತ್ತದೆ, ದಾರಿ ತಪ್ಪಿ ಸುತ್ತುತ್ತಿದ್ದರೆ ಒಂದು ಹಂತದಲ್ಲಿ ಅದು ಸಾಯುತ್ತದೆ. ಸ್ವಿಚ್‌ಗಳ ನಡುವೆ ಓಡುವ ಈಥರ್ನೆಟ್ ಫ್ರೇಮ್ ಎಂಬ ತುಣುಕಿಗೆ ಅಂಥ ಲೆಕ್ಕವೇ ಇಲ್ಲ. ಯಾರೋ ನೆಲದ ಮೇಲೆ ಬಿದ್ದ ಕೇಬಲ್ಲನ್ನು ಕಂಡು ಅದರ ಎರಡೂ ತುದಿಗಳನ್ನು ಅದೇ ಸ್ವಿಚ್‌ಗೆ ಸಿಕ್ಕಿಸಿದರೆ, ಎಲ್ಲರಿಗೂ ಎಂದು ಕಳಿಸಿದ ಒಂದೇ ಒಂದು ಫ್ರೇಮ್ ಕೊನೆಯಿಲ್ಲದೆ ಸುತ್ತುತ್ತದೆ, ಹತ್ತಾಗುತ್ತದೆ, ಸಾವಿರವಾಗುತ್ತದೆ. ಕೆಲವೇ ಕ್ಷಣಗಳಲ್ಲಿ ಇಡೀ ಕಚೇರಿ ಸ್ತಬ್ಧ. ಧಾರವಾಡದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಪರೀಕ್ಷೆಯ ದಿನವೇ ಹೀಗಾದದ್ದನ್ನು ನಾನು ನೋಡಿದ್ದೇನೆ. ಸ್ವಿಚ್‌ನ ದೀಪಗಳೆಲ್ಲ ಒಟ್ಟಿಗೆ ಹುಚ್ಚೆದ್ದು ಮಿನುಗುತ್ತಿದ್ದವು, ಮಕ್ಕಳು ಖಾಲಿ ಪರದೆಯ ಮುಂದೆ ಕೂತಿದ್ದರು. ಅಲ್ಲಿ ಸ್ಪ್ಯಾನಿಂಗ್ ಟ್ರೀಯನ್ನು ‘ವೇಗಕ್ಕಾಗಿ’ ಬಂದ್ ಮಾಡಿದ್ದರು.

ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿದ್ದ ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ 1985ರಲ್ಲಿ ಈ ವಿಧಾನವನ್ನು ರೂಪಿಸಿದರು. ಎಷ್ಟು ಸ್ವಿಚ್‌ಗಳನ್ನು ಹೇಗೆ ಜೋಡಿಸಿದರೂ ಅವು ತಮ್ಮೊಳಗೇ ಮಾತಾಡಿಕೊಂಡು ಸುತ್ತುದಾರಿಗಳನ್ನು ಮುಚ್ಚಿಕೊಳ್ಳುವಂತೆ ಮಾಡಿದ ಆ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ನಮ್ಮ ಕಾಲೇಜುಗಳ ಹೆಣ್ಣುಮಕ್ಕಳಿಗೆ ಅವರ ಹೆಸರು ತಿಳಿದಿರಬೇಕು.

ಎಡ್ಜ್ ಎಂದು ಗುರುತಿಸಿದ ಪೋರ್ಟ್‌ಗಳಿಗೆ ‘ಬಿಪಿಡಿಯು ಗಾರ್ಡ್’ ಎಂಬ ಕಾವಲನ್ನೂ ಸೇರಿಸಿ. ಆ ಪೋರ್ಟಿಗೆ ಯಾರಾದರೂ ಇನ್ನೊಂದು ಸ್ವಿಚ್ ತಂದು ಸಿಕ್ಕಿಸಿದರೆ ಅದು ತಕ್ಷಣ ಪೋರ್ಟನ್ನು ಮುಚ್ಚುತ್ತದೆ. ಮುಚ್ಚಿದ ಪೋರ್ಟ್ ತಾನಾಗಿ ಮತ್ತೆ ತೆರೆಯಬೇಕೆಂದಿದ್ದರೆ ಅದಕ್ಕೂ ಆದೇಶವಿದೆ; ಸಿಸ್ಕೊದಲ್ಲಿ ಆ ಆದೇಶ ಕೊಟ್ಟರೆ ಮೊದಲೇ ನಿಗದಿಯಾಗಿರುವ ಅವಧಿ 300 ಸೆಕೆಂಡ್. ಸ್ವಿಚ್‌ನಿಂದ ಸ್ವಿಚ್‌ಗೆ ಹೋಗುವ ಪೋರ್ಟನ್ನು ಮಾತ್ರ ಎಂದಿಗೂ ಎಡ್ಜ್ ಮಾಡಬೇಡಿ.

ಇಷ್ಟೆಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಇನ್ನೊಂದಿದೆ: ಸ್ವಿಚ್ ಮತ್ತು ರೌಟರ್ ಎರಡನ್ನೂ ಯುಪಿಎಸ್‌ಗೆ ಸೇರಿಸಿ. ನಮ್ಮ ಕಡೆ ಕಂಪ್ಯೂಟರ್‌ಗೆ ಯುಪಿಎಸ್ ಕೊಟ್ಟು ಸ್ವಿಚ್ಚನ್ನು ಗೋಡೆಯ ಪ್ಲಗ್ಗಿಗೆ ನೇತುಹಾಕುವುದು ರೂಢಿಯಾಗಿಬಿಟ್ಟಿದೆ. ಕೇಬಲ್ ಮೂಲಕ ವಿದ್ಯುತ್ ಕೊಡುವ ಮಾದರಿಯಲ್ಲದ 24 ಪೋರ್ಟಿನ ಸ್ವಿಚ್ ಸಾಮಾನ್ಯವಾಗಿ 20–30 ವ್ಯಾಟ್ ಮಾತ್ರ ಬಳಸುತ್ತದೆ, ಆದ್ದರಿಂದ ಸಣ್ಣ ಯುಪಿಎಸ್ ಕೂಡ ಅದನ್ನು ಬಹಳ ಹೊತ್ತು ಹಿಡಿದು ನಿಲ್ಲಿಸುತ್ತದೆ. ನಿಮ್ಮಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದಿರುವ ಗುಂಡಿಯನ್ನು ನೋಡಿ. ಹಲವು ಇನ್ವರ್ಟರ್‌ಗಳಲ್ಲಿ ‘ಯುಪಿಎಸ್ ಮೋಡ್’ ಎಂದು ಬೇರೆಯಾಗಿ ಇರುತ್ತದೆ. ಅದನ್ನು ಹಾಕದಿದ್ದರೆ ಕರೆಂಟಿನಿಂದ ಬ್ಯಾಟರಿಗೆ ಹೊರಳುವ ಆ ಕ್ಷಣಾರ್ಧದಲ್ಲಿ ಫ್ಯಾನ್ ನಿಲ್ಲುವುದಿಲ್ಲ, ಸ್ವಿಚ್ ಮಾತ್ರ ರೀಬೂಟ್ ಆಗಿಬಿಡಬಹುದು. ಅತಿ ಬೇಗನೆ ರೀಬೂಟ್ ಆಗುವ ಸ್ವಿಚ್‌ಗಿಂತ ರೀಬೂಟ್ ಆಗುವ ಅಗತ್ಯವೇ ಬೀಳದ ಸ್ವಿಚ್ ಮೇಲು.

ಫೈಲ್ ಸರ್ವರ್ ಮತ್ತು ಪ್ಲೇಟ್ ಯಂತ್ರಕ್ಕೆ ಸ್ಥಿರ ವಿಳಾಸ ಕೊಡಿ. ಆಮೇಲೆ ಒಂದು ಕಂಪ್ಯೂಟರ್‌ನಿಂದ ಸರ್ವರ್‌ಗೆ ನಿಲ್ಲಿಸದೆ ಪಿಂಗ್ (ಆ ಕಡೆಯಿಂದ ಉತ್ತರ ಬರುತ್ತಿದೆಯೇ ಎಂದು ನೋಡುವ ಆದೇಶ) ಹಚ್ಚಿಟ್ಟು, ಸ್ವಿಚ್ಚನ್ನು ಬಂದ್ ಮಾಡಿ ಶುರುಮಾಡಿ. ಪೋರ್ಟಿನ ದೀಪ ಉರಿದದ್ದು ಯಾವಾಗ, ಪಿಂಗ್‌ಗೆ ಉತ್ತರ ಬಂದದ್ದು ಯಾವಾಗ ಎಂದು ಗಡಿಯಾರ ನೋಡಿ ಬರೆದುಕೊಳ್ಳಿ. ದೀಪಕ್ಕೂ ಉತ್ತರಕ್ಕೂ ನಡುವೆ 30 ಸೆಕೆಂಡ್ ಅಂತರ ಉಳಿದಿದ್ದರೆ ಎಡ್ಜ್ ಗುರುತು ಸರಿಯಾಗಿ ಬಿದ್ದಿಲ್ಲ ಎಂದರ್ಥ.

ಪ್ರಶ್ನೆ: ಅಕ್ಕಾ, ನಾನು ಹಾವೇರಿಯವನು, ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಕೆಲವು ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಒಂದು ಕಡೆ ದಲಾಲಿ ಅಂಗಡಿ, ಅಲ್ಲಿಂದ ಸುಮಾರು 80 ಮೀಟರ್ ದೂರದಲ್ಲಿ ಅವರದೇ ಶೈತ್ಯಾಗಾರ. ಸರ್ವರ್ ಶೈತ್ಯಾಗಾರದಲ್ಲಿದೆ. ಎರಡೂ ಕಡೆ ಗಿಗಾಬಿಟ್ ಸ್ವಿಚ್. ವಹಿವಾಟಿನ ದಿನ ಜಾಲ ಜಗ್ಗುತ್ತದೆ ಎಂದು ಎರಡನೆಯ ಕೇಬಲ್ ಎಳೆದೆ. ಅದರ ದೀಪ ಕಿತ್ತಳೆ ಬಣ್ಣದಲ್ಲಿಯೇ ನಿಂತಿತು. ಆಮೇಲೆ ಎರಡೂ ಕೇಬಲ್ ಒಂದಾಗಿ ಕೆಲಸ ಮಾಡಲೆಂದು ಲಿಂಕ್ ಅಗ್ರಿಗೇಷನ್ ಮಾಡಿದೆ. ಈಗ ಎರಡೂ ಹಸಿರು. ಆದರೂ ಬ್ಯಾಕಪ್ ಕಡತದ ನಕಲು ಮೊದಲಿನಷ್ಟೇ, ಸೆಕೆಂಡಿಗೆ 110 ಮೆಗಾಬೈಟ್. ಎಲ್ಲಿ ತಪ್ಪಾಗಿದೆ?
— ಯುವ ತಂತ್ರಜ್ಞ, ಹಾವೇರಿ

ಉತ್ತರ: ತಮ್ಮಾ, ನೀನು ತಪ್ಪು ಮಾಡಿಲ್ಲ. ಕಿತ್ತಳೆ ದೀಪವನ್ನು ಕಂಡು ಕೇಬಲ್ ಕೆಟ್ಟಿದೆ ಎಂದು ಬಿಸಾಡದೆ ಕಾರಣ ಹುಡುಕಿದ್ದು ನನಗೆ ಬಹಳ ಸಂತೋಷವಾಯಿತು. ಆ ದೀಪ ಕಿತ್ತಳೆಯಾಗಿದ್ದು ಮೇಲೆ ಹೇಳಿದ ಸ್ಪ್ಯಾನಿಂಗ್ ಟ್ರೀಯಿಂದ. ಎರಡು ಸ್ವಿಚ್‌ಗಳ ನಡುವೆ ಎರಡು ದಾರಿ ಕಂಡಾಗ ಅದು ಒಂದನ್ನು ಮುಚ್ಚಿತು. ಅಗ್ರಿಗೇಷನ್ ಮಾಡಿದ ಮೇಲೆ ಎರಡು ಕೇಬಲ್ ಸೇರಿ ಒಂದೇ ದಾರಿಯಂತೆ ಕಂಡಿದ್ದರಿಂದ ಎರಡೂ ತೆರೆದುಕೊಂಡವು.

ಈ ಉಪಾಯದ ಹುಟ್ಟಿನಲ್ಲಿ ಭಾರತೀಯ ಮೂಲದವರ ಪಾಲಿದೆ. ಅಮೆರಿಕದಲ್ಲಿ ಕಲ್ಪನಾ ಎಂಬ ಹೆಸರಿನ ಕಂಪನಿಯೊಂದಿತ್ತು, ಅದರ ಸ್ಥಾಪಕರಲ್ಲಿ ವಿನೋದ್ ಭಾರದ್ವಾಜ್ ಒಬ್ಬರು. 1990ರ ಹೊತ್ತಿಗೆ ಈಥರ್ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದದ್ದು ಆ ಕಂಪನಿ. ಹಲವು ತಂತಿಗಳನ್ನು ಒಂದಾಗಿ ಕಟ್ಟುವ ಈಥರ್‌ಚಾನೆಲ್ ತಂತ್ರವೂ ಅಲ್ಲಿಯದೇ. 1994ರಲ್ಲಿ ಸಿಸ್ಕೊ ಆ ಕಂಪನಿಯನ್ನು ಕೊಂಡಿತು. 2000ದಲ್ಲಿ 802.3ಎಡಿ ಎಂಬ ಮಾನಕ ಬಂದ ಮೇಲೆ ಬೇರೆ ಬೇರೆ ಕಂಪನಿಗಳ ಸ್ವಿಚ್‌ಗಳೂ ಹೀಗೆ ಕೈಜೋಡಿಸಲು ಸಾಧ್ಯವಾಯಿತು. ಕೇಬಲ್‌ಗಳನ್ನು ಕಟ್ಟಲು ಎರಡು ಸ್ವಿಚ್‌ಗಳು ಮಾತುಕತೆ ನಡೆಸುವ ಎಲ್‌ಎಸಿಪಿ ವಿಧಾನ ಆ ಮಾನಕದ ಭಾಗ.

ಈಗ ನಿನ್ನ 110 ಮೆಗಾಬೈಟ್‌ಗೆ ಬರೋಣ. ಸ್ವಿಚ್ ಒಂದೊಂದು ಪ್ಯಾಕೆಟ್ಟನ್ನು ಎಡಕ್ಕೊಂದು ಬಲಕ್ಕೊಂದು ಎಂದು ಹಂಚುವುದಿಲ್ಲ. ಹಾಗೆ ಹಂಚಿದರೆ ಹಿಂದಿನದು ಮುಂದಾಗಿ ಮುಂದಿನದು ಹಿಂದಾಗಿ, ತಲುಪಿದ ಕಡೆ ಜೋಡಿಸುವುದೇ ಕಷ್ಟವಾಗುತ್ತದೆ. ಅದಕ್ಕೇ ಪ್ಯಾಕೆಟ್‌ನ ವಿಳಾಸಗಳಿಂದ ಒಂದು ಸಂಖ್ಯೆ ಲೆಕ್ಕಹಾಕಿ, ಆ ಸಂಖ್ಯೆಯ ಪ್ರಕಾರ ಕೇಬಲ್ ಆರಿಸುತ್ತದೆ. ಮಾರುಕಟ್ಟೆಯ ಎರಡು ಗೇಟುಗಳಲ್ಲಿ ಸರಿ ಸಂಖ್ಯೆಯ ಲಾರಿ ಒಂದರಿಂದ, ಬೆಸ ಸಂಖ್ಯೆಯದು ಇನ್ನೊಂದರಿಂದ ಬರಲಿ ಎಂದು ಕಟ್ಟುಮಾಡಿದ ಹಾಗೆ. ಲಾರಿಗಳು ನೂರಿದ್ದರೆ ದಟ್ಟಣೆ ಅರ್ಧವಾಗುತ್ತದೆ, ಒಂದೇ ಲಾರಿಗೆ ಮಾತ್ರ ಇದರಿಂದ ಯಾವ ಲಾಭವೂ ಇಲ್ಲ. ಒಂದು ಕಂಪ್ಯೂಟರ್‌ನಿಂದ ಒಂದು ಸರ್ವರ್‌ಗೆ ಹೋಗುವ ಒಂದು ಕಡತದ ನಕಲು ಒಂದೇ ಕೇಬಲ್ಲಿನಲ್ಲಿ ಹೋಗುತ್ತದೆ. ಗಿಗಾಬಿಟ್ ಕೇಬಲ್ಲಿನಲ್ಲಿ 110 ಮೆಗಾಬೈಟ್ ಎಂದರೆ ಅದು ತುಂಬಿ ಹರಿಯುತ್ತಿದೆ ಎಂದೇ ಅರ್ಥ. ಎರಡಲ್ಲ, ಎಂಟು ಕೇಬಲ್ ಕಟ್ಟಿದರೂ ಆ ಒಂದು ನಕಲು ಅಷ್ಟೇ ವೇಗದಲ್ಲಿ ನಡೆಯುತ್ತದೆ.

ಆದರೆ ನಿನ್ನ ನಿಜವಾದ ಸಮಸ್ಯೆ ಬ್ಯಾಕಪ್ ಅಲ್ಲ, ವಹಿವಾಟಿನ ದಿನ ಹಲವು ಕಂಪ್ಯೂಟರ್‌ಗಳು ಒಮ್ಮೆಗೇ ಜಗ್ಗುವುದು. ಅಲ್ಲಿ ಅಗ್ರಿಗೇಷನ್ ಸಹಾಯ ಮಾಡಬೇಕು. ಮಾಡುತ್ತಿದೆಯೇ ಎಂದು ನೋಡು. ಎರಡೂ ಪೋರ್ಟ್‌ಗಳಲ್ಲಿ ಎಷ್ಟೆಷ್ಟು ಸಂಚಾರ ಹೋಗುತ್ತಿದೆ ಎಂಬ ಎಣಿಕೆಯನ್ನು ವಹಿವಾಟು ಜೋರಾಗಿರುವ ಹೊತ್ತಿನಲ್ಲಿ ತೆಗೆದುಕೋ. ಶೈತ್ಯಾಗಾರದ ಸ್ವಿಚ್‌ನಿಂದ ಹೊರಡುವ ಹರಿವು ಒಂದು ಕೇಬಲ್ಲಿನಲ್ಲಿಯೇ ತುಂಬಿ ಇನ್ನೊಂದು ಖಾಲಿಯಾಗಿದ್ದರೆ, ಲೆಕ್ಕ ಯಾವ ವಿಳಾಸದ ಮೇಲೆ ನಡೆಯುತ್ತಿದೆ ಎಂದು ಪರೀಕ್ಷಿಸು. ಹಲವು ಹಳೆಯ ಸ್ವಿಚ್‌ಗಳಲ್ಲಿ ಮೊದಲೇ ನಿಗದಿಯಾಗಿರುವುದು ‘ಕಳುಹಿಸಿದವರ ಮ್ಯಾಕ್ ವಿಳಾಸ’, ಅಂದರೆ ಕಳುಹಿಸಿದ ಸಾಧನದ ಯಂತ್ರಾಂಶದ ವಿಳಾಸ. ನಿನ್ನಲ್ಲಿ ಕಳುಹಿಸುವುದು ಹೆಚ್ಚಾಗಿ ಒಂದೇ ಸರ್ವರ್. ಕಳುಹಿಸಿದವರು ಯಾವಾಗಲೂ ಒಬ್ಬರೇ ಆದ ಮೇಲೆ ಲೆಕ್ಕದ ಉತ್ತರವೂ ಯಾವಾಗಲೂ ಒಂದೇ. ಎರಡನೆಯ ಕೇಬಲ್ ಸುಮ್ಮನೆ ಹಸಿರು ದೀಪ ಹಚ್ಚಿಕೊಂಡು ನಿಂತಿರುತ್ತದೆ. ಲೆಕ್ಕವನ್ನು ‘ಕಳುಹಿಸಿದವರು ಮತ್ತು ಪಡೆಯುವವರು, ಇಬ್ಬರ ಐಪಿ’ ಎಂದು ಬದಲಿಸು. ಸ್ವಿಚ್‌ನಲ್ಲಿ ಟಿಸಿಪಿ/ಯುಡಿಪಿ ಪೋರ್ಟ್ ಸಂಖ್ಯೆಯನ್ನೂ (ಇದು ಕೇಬಲ್ ಸಿಕ್ಕಿಸುವ ಪೋರ್ಟ್ ಅಲ್ಲ, ಪ್ಯಾಕೆಟ್‌ನೊಳಗಿನ ಸಂಖ್ಯೆ) ಸೇರಿಸುವ ಸೌಲಭ್ಯವಿದ್ದರೆ ಇನ್ನೂ ಒಳ್ಳೆಯದು. ಒಂದೊಂದು ಸ್ವಿಚ್ ತಾನು ಕಳಿಸುವ ದಿಕ್ಕನ್ನು ಮಾತ್ರ ನಿರ್ಧರಿಸುತ್ತದೆ ಎಂಬುದನ್ನು ಮರೆಯಬೇಡ, ಎರಡೂ ಕಡೆ ಬದಲಿಸಬೇಕು.

ಹೊಸದಾಗಿ ಕಟ್ಟುವಾಗ ಕ್ರಮ ಮುಖ್ಯ. ಮೊದಲು ಎರಡೂ ಕಡೆಯ ಪೋರ್ಟ್‌ಗಳನ್ನು ಬಂದ್ ಮಾಡು. ವೇಗ, ವಿಎಲ್ಎಎನ್ (ಒಂದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ಜಾಲಗಳು), ಟ್ರಂಕ್ (ಆ ಜಾಲಗಳನ್ನೆಲ್ಲ ಒಟ್ಟಿಗೆ ಸಾಗಿಸುವ ಸಂಪರ್ಕ) ಎಲ್ಲವೂ ಎರಡೂ ಕಡೆ ಒಂದೇ ರೀತಿ ಇರಲಿ. ಎಲ್‌ಎಸಿಪಿಯನ್ನು ಎರಡೂ ಕಡೆ ‘ಆಕ್ಟಿವ್’ ಇಡು. ಮಾತುಕತೆಯಿಲ್ಲದೆ ಬಲವಂತವಾಗಿ ಕಟ್ಟುವ ‘ಆನ್’ ಎಂಬ ಆಯ್ಕೆಯನ್ನು ಮುಟ್ಟಬೇಡ. ಒಂದು ಕಡೆ ಕಟ್ಟಿ ಇನ್ನೊಂದು ಕಡೆ ಕಟ್ಟದೆ ಉಳಿದರೆ ಅದೇ ಸುತ್ತುದಾರಿಯ ಅನಾಹುತ ಕಾದಿರುತ್ತದೆ. ಕೇಬಲ್ ಒಂದು ಸತ್ತದ್ದನ್ನು ಬೇಗ ಗುರುತಿಸಲು ಎಲ್‌ಎಸಿಪಿಯ ‘ಫಾಸ್ಟ್’ ಗತಿಯನ್ನು ಹಾಕಬಹುದು. ನಿಧಾನದ ಗತಿಯಲ್ಲಿ 30 ಸೆಕೆಂಡಿಗೊಂದು ಸಂದೇಶ ಹೋಗುತ್ತದೆ, ಮೂರು ತಪ್ಪಿದ ಮೇಲೆ, ಅಂದರೆ 90 ಸೆಕೆಂಡ್ ನಂತರ ಸಾವು ಗೊತ್ತಾಗುತ್ತದೆ. ಫಾಸ್ಟ್‌ನಲ್ಲಿ ಸೆಕೆಂಡಿಗೊಂದು, ಮೂರೇ ಸೆಕೆಂಡಿನಲ್ಲಿ ಗೊತ್ತಾಗುತ್ತದೆ.

ನೀನು ಕೇಳದ ಒಂದು ಮಾತನ್ನು ಈಗ ಹೇಳುತ್ತೇನೆ, ಉಳಿದೆಲ್ಲಕ್ಕಿಂತ ಇದು ನನಗೆ ಹೆಚ್ಚು ಚಿಂತೆಯ ವಿಷಯ. ಎರಡು ಬೇರೆ ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಎಳೆದಿದ್ದೀಯೆ. 80 ಮೀಟರ್ ಎಂಬುದು ತಾಮ್ರದ 100 ಮೀಟರ್ ಮಿತಿಯೊಳಗೇ ಇದೆ, ನಿಜ. ಆದರೆ ಏಪ್ರಿಲ್–ಮೇ ತಿಂಗಳ ಸಿಡಿಲಿಗೆ ಆ ತಂತಿ ಬಾಗಿಲು ತೆರೆದು ಕೊಟ್ಟಂತೆ. ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದರೂ ಸಾಕು, ಎರಡೂ ಕಡೆಯ ಪೋರ್ಟ್‌ಗಳು, ಕೆಲವೊಮ್ಮೆ ಇಡೀ ಸ್ವಿಚ್, ಕೆಲವೊಮ್ಮೆ ಸರ್ವರ್ ಕೂಡ ಸುಡುತ್ತದೆ. ಶೈತ್ಯಾಗಾರದಲ್ಲಿ ರೈತರ ಮಾಲಿನ ಲೆಕ್ಕವಿದೆ. ಅದು ಒಂದು ಮಳೆಗೆ ಹೋಗಬಾರದು. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಎಳೆ. ಅದರಲ್ಲಿ ಬೆಳಕು ಮಾತ್ರ ಹೋಗುತ್ತದೆ, ವಿದ್ಯುತ್ ಹೋಗುವುದಿಲ್ಲ. ಒಳಗೆ ಲೋಹದ ತಂತಿಯಿಲ್ಲದ ಫೈಬರನ್ನೇ ಕೇಳಿ ತೆಗೆದುಕೋ. ನಿನ್ನ ಸ್ವಿಚ್‌ಗಳಲ್ಲಿ 10 ಗಿಗಾಬಿಟ್‌ನ ಎಸ್‌ಎಫ್‌ಪಿ ಪ್ಲಸ್ ಎಂಬ ಫೈಬರ್ ಜೋಡಿಸುವ ಕಿಂಡಿಗಳಿದ್ದರೆ ಒಂದು ಜೊತೆ ಫೈಬರ್‌ನಲ್ಲಿಯೇ ಹತ್ತು ಪಟ್ಟು ದಾರಿ ಸಿಗುತ್ತದೆ. ಸರ್ವರ್ ಕಡೆ ಮತ್ತು ಬ್ಯಾಕಪ್ ಕಂಪ್ಯೂಟರ್ ಕಡೆ ಕೂಡ 10 ಗಿಗಾಬಿಟ್ ಆದರೆ ಆ ನಕಲೂ ವೇಗವಾಗುತ್ತದೆ. ತಾಮ್ರದ ನಾಲ್ಕು ಕೇಬಲ್ ಕಟ್ಟುವ ಶ್ರಮವನ್ನು ಇದಕ್ಕೆ ಹಾಕು ಎಂದು ಮಾಲೀಕರಿಗೆ ನನ್ನ ಮಾತನ್ನು ತೋರಿಸು.

ಪ್ರಶ್ನೆ: ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗಾಗಿ ವಾಚನಾಲಯ ನಡೆಸುತ್ತೇನೆ. ಎರಡು ಕಂಪನಿಗಳ ಬ್ರಾಡ್‌ಬ್ಯಾಂಡ್ ತೆಗೆದುಕೊಂಡಿದ್ದೇನೆ. ಎರಡನ್ನೂ ಸ್ವಿಚ್‌ಗೆ ಸಿಕ್ಕಿಸಿದರೆ ಹೊರೆ ಹಂಚಿಕೆಯಾಗುವುದಿಲ್ಲವೇ? ಸಿಕ್ಕಿಸಿ ನೋಡಿದಾಗ ಎಲ್ಲ ಗೊಂದಲವಾಯಿತು.
— ವಾಚನಾಲಯದ ನಿರ್ವಾಹಕಿ, ಧಾರವಾಡ

ಉತ್ತರ: ಆಗುವುದಿಲ್ಲ ತಂಗೀ. ಎರಡು ಇಂಟರ್ನೆಟ್ ಸಂಪರ್ಕಗಳ ನಡುವೆ ಹೊರೆ ಹಂಚುವುದು ರೌಟರ್‌ನ ಕೆಲಸ. ನೀವು ಎರಡು ಮೋಡೆಮ್‌ಗಳನ್ನು ಒಂದೇ ಸ್ವಿಚ್‌ಗೆ ಸಿಕ್ಕಿಸಿದಾಗ ಎರಡೂ ತಾವೇ ವಿಳಾಸ ಹಂಚಲು ಹೊರಟವು. ಯಾವುದು ಮೊದಲು ಉತ್ತರಿಸಿತೋ ಅದರ ಪಾಲಾದರು ವಿದ್ಯಾರ್ಥಿಗಳು. ಡ್ಯುಯಲ್ ವ್ಯಾನ್ ರೌಟರ್ ಒಂದನ್ನು ತನ್ನಿ, ಎರಡೂ ಸಂಪರ್ಕಗಳು ಅದಕ್ಕೆ, ಅದರಿಂದ ಒಂದೇ ಕೇಬಲ್ ಸ್ವಿಚ್‌ಗೆ.

ನಿಮ್ಮಲ್ಲಿಗೆ ಬರುವ ಮಕ್ಕಳು ಅರ್ಜಿ ತುಂಬುತ್ತಾರೆ, ಶುಲ್ಕ ಕಟ್ಟುತ್ತಾರೆ. ಹಣ ಪಾವತಿಯ ನಡುವೆ ರೌಟರ್ ಇನ್ನೊಂದು ಸಂಪರ್ಕಕ್ಕೆ ಹೊರಳಿಸಿದರೆ ಹೊರಗಿನಿಂದ ಕಾಣುವ ಐಪಿ ವಿಳಾಸ ಬದಲಾಗುತ್ತದೆ. ಬ್ಯಾಂಕಿನ ತಾಣ ಅನುಮಾನಪಟ್ಟು ಹೊರಹಾಕಬಹುದು. ಅರ್ಜಿಯ ಕೊನೆಯ ದಿನ ಹಾಗಾದರೆ ಆ ಮಗುವಿನ ಒಂದು ವರ್ಷವೇ ಹೋಗುತ್ತದೆ. ಆದ್ದರಿಂದ ಒಬ್ಬ ಬಳಕೆದಾರರ ಎಲ್ಲ ಸಂಚಾರವೂ ಒಂದೇ ಸಂಪರ್ಕದಲ್ಲಿ ಉಳಿಯುವಂತೆ ಮಾಡುವ ಆಯ್ಕೆಯನ್ನು ರೌಟರ್‌ನಲ್ಲಿ ತಪ್ಪದೆ ಹಾಕಿಸಿ. ಸಾಮಾನ್ಯವಾಗಿ ಇದು ‘ಸ್ಟಿಕಿ’ ಅಥವಾ ‘ಪರ್ಸಿಸ್ಟೆನ್ಸ್’ ಎಂಬ ಹೆಸರಿನಲ್ಲಿರುತ್ತದೆ.

ಪ್ರಶ್ನೆ: ನಮ್ಮ ಆಸ್ಪತ್ರೆಯಲ್ಲಿ ಸಿಸಿಟಿವಿ ಕ್ಯಾಮೆರಾಗಳಿಗೆ ಕೇಬಲ್ ಮೂಲಕವೇ ವಿದ್ಯುತ್ ಕೊಡುವ ಪಿಒಇ ಸ್ವಿಚ್ ಇದೆ. ತಂತ್ರಾಂಶ ನವೀಕರಿಸಿ ಸ್ವಿಚ್ ರೀಬೂಟ್ ಮಾಡಿದರೆ ಕ್ಯಾಮೆರಾಗಳು ಬಹಳ ಹೊತ್ತು ಬರುವುದಿಲ್ಲ. ಕಡಿಮೆ ಮಾಡಬಹುದೇ?
— ಆಡಳಿತಾಧಿಕಾರಿ, ಹುಬ್ಬಳ್ಳಿ

ಉತ್ತರ: ಬಹಳಷ್ಟು ಮಾಡಬಹುದು. ಸ್ವಿಚ್ ರೀಬೂಟ್ ಆದಾಗ ಪೋರ್ಟಿನ ವಿದ್ಯುತ್ತೂ ಹೋಗುತ್ತದೆ. ಸ್ವಿಚ್ ಎದ್ದ ಮೇಲೆ ಕ್ಯಾಮೆರಾ ಮೊದಲಿನಿಂದ ಎದ್ದೇಳಬೇಕು. ಹೀಗೆ ಎರಡು ತಡಗಳು ಕೂಡುತ್ತವೆ. ಕೆಲವು ಸ್ವಿಚ್‌ಗಳಲ್ಲಿ ರೀಬೂಟ್ ಆಗುವಾಗಲೂ ಪೋರ್ಟಿಗೆ ವಿದ್ಯುತ್ ನಿಲ್ಲಿಸದ ಸೌಲಭ್ಯವಿದೆ. ಸಿಸ್ಕೊ ಅದನ್ನು ‘ಪರ್ಪೆಚುಯಲ್ ಪಿಒಇ’ ಎನ್ನುತ್ತದೆ, ಅರೂಬಾ ಕಂಪನಿಯ ಸ್ವಿಚ್‌ಗಳಲ್ಲಿ ‘ಆಲ್ವೇಸ್ ಆನ್ ಪಿಒಇ’. ಕ್ಯಾಮೆರಾ ಎದ್ದೇ ಇರುವುದರಿಂದ ಸ್ವಿಚ್ ಬಂದ ಕೂಡಲೇ ಚಿತ್ರ ಬರುತ್ತದೆ. ಕರೆಂಟೇ ಹೋದರೆ ಇದು ಕೆಲಸ ಮಾಡದು, ಅಲ್ಲಿ ಯುಪಿಎಸ್ ಬೇಕು.

ನಿಮ್ಮ ಸ್ವಿಚ್ ಸಿಸ್ಕೊದ ಹೊಸ ಮಾದರಿಯದಾಗಿದ್ದರೆ ಅದು ‘ಬಂಡಲ್’ ವಿಧಾನದಲ್ಲಿ ಎದ್ದೇಳುತ್ತಿದೆಯೇ, ‘ಇನ್‌ಸ್ಟಾಲ್’ ವಿಧಾನದಲ್ಲಿಯೇ ಎಂದು ವಿಚಾರಿಸಿ. ಬಂಡಲ್‌ನಲ್ಲಿ ಪ್ರತಿ ಸಲವೂ ಇಡೀ ತಂತ್ರಾಂಶದ ಗಂಟನ್ನು ಬಿಚ್ಚಬೇಕು. ಇನ್‌ಸ್ಟಾಲ್‌ನಲ್ಲಿ ಅದು ಮೊದಲೇ ಬಿಚ್ಚಿ ಜೋಡಿಸಿರುತ್ತದೆ, ಬೇಗ ಏಳುತ್ತದೆ, ಮೆಮೊರಿಯೂ ಕಡಿಮೆ ಸಾಕು. ಪರೀಕ್ಷೆಯ ಹಂತವನ್ನು ಹಾರಿಸಿ ವೇಗ ಗಳಿಸುವ ದಾರಿ ಯಾರಾದರೂ ತೋರಿಸಿದರೆ ಒಪ್ಪಬೇಡಿ. ಆಸ್ಪತ್ರೆಯ ಸ್ವಿಚ್ ತನ್ನನ್ನು ತಾನು ಪರೀಕ್ಷಿಸಿಕೊಂಡೇ ಕೆಲಸಕ್ಕೆ ನಿಲ್ಲಲಿ.

ಕ್ಯಾಮೆರಾ ಸೇರಿಸುವ ಮುನ್ನ ವಿದ್ಯುತ್ತಿನ ಲೆಕ್ಕವನ್ನೂ ಮಾಡಿ. 24 ಪೋರ್ಟಿನ ಸ್ವಿಚ್‌ಗೆ 370 ವ್ಯಾಟ್ ಎಂದು ಬರೆದಿದ್ದರೆ, ಪೋರ್ಟಿಗೆ 15.4 ವ್ಯಾಟ್‌ನಂತೆ ಎಲ್ಲ 24ಕ್ಕೂ ಸಾಲುತ್ತದೆ. 30 ವ್ಯಾಟ್ ಬೇಡುವ, ತಿರುಗುವ ಕ್ಯಾಮೆರಾಗಳಾದರೆ 12ಕ್ಕೇ ಮುಗಿಯುತ್ತದೆ. ತುರ್ತು ಚಿಕಿತ್ಸಾ ವಿಭಾಗದ ಪೋರ್ಟ್‌ಗಳಿಗೆ ಹೆಚ್ಚಿನ ಆದ್ಯತೆ ಕೊಡಿಸಿ, ವಿದ್ಯುತ್ ಸಾಲದಾದಾಗ ಅವು ಕೊನೆಯವರೆಗೆ ಉಳಿಯುತ್ತವೆ.

ಪ್ರಶ್ನೆ: ಪ್ರತಿ ಭಾನುವಾರ ಸ್ವಿಚ್‌ಗಳನ್ನು ರೀಬೂಟ್ ಮಾಡುವ ಪದ್ಧತಿ ನಮ್ಮಲ್ಲಿದೆ. ಬೇಕೇ? ಇನ್ನೊಂದು ಕೇಳುವುದಿದೆ: ಹುಬ್ಬಳ್ಳಿಯಲ್ಲಿ ಕೂತು ಇಲ್ಲಿನ ಸ್ವಿಚ್ ಬದಲಿಸುವಾಗ ಸಂಪರ್ಕವೇ ಕಡಿದುಹೋದರೆ ಏನು ಮಾಡುವುದು?
— ಬೀಜ ಮಾರಾಟ ಸಂಸ್ಥೆಯ ಉದ್ಯೋಗಿ, ರಾಣೆಬೆನ್ನೂರು

ಉತ್ತರ: ಭಾನುವಾರದ ರೀಬೂಟ್ ಬೇಡ. ಆರೋಗ್ಯವಾಗಿರುವ ಸ್ವಿಚ್ ತಿಂಗಳುಗಟ್ಟಲೆ ನಿಲ್ಲದೆ ನಡೆಯುತ್ತದೆ. ವಾರಕ್ಕೊಮ್ಮೆ ರೀಬೂಟ್ ಮಾಡದಿದ್ದರೆ ಜಾಲ ಕೆಡುತ್ತದೆ ಎಂದಾದರೆ ಅದರ ಲಾಗ್ (ಸ್ವಿಚ್ ತಾನೇ ಬರೆದಿಡುವ ಘಟನೆಗಳ ದಾಖಲೆ) ತೆಗೆದು ಓದಿ, ಕಾರಣ ಅಲ್ಲಿ ಸಿಗಬಹುದು. ಜಾಲದ ಮೂಲ ಸ್ವಿಚ್, ಅಂದರೆ ಸ್ಪ್ಯಾನಿಂಗ್ ಟ್ರೀ ತನ್ನ ದಾರಿಗಳನ್ನು ಲೆಕ್ಕಹಾಕಲು ಕೇಂದ್ರವಾಗಿಟ್ಟುಕೊಳ್ಳುವ ಸ್ವಿಚ್, ಯಾವುದೆಂದೂ ನೋಡಿ. ಸ್ಪ್ಯಾನಿಂಗ್ ಟ್ರೀಯ ಆದ್ಯತೆ ಎಲ್ಲದರಲ್ಲಿಯೂ 32768 ಎಂದೇ ಬಿಟ್ಟಿದ್ದರೆ ಮ್ಯಾಕ್ ವಿಳಾಸ ಚಿಕ್ಕದಿರುವ ಸ್ವಿಚ್ ಮೂಲವಾಗುತ್ತದೆ. ಅದು ಹಲವು ಸಲ ಮೂಲೆಯಲ್ಲಿರುವ ಅತಿ ಹಳೆಯ ಸ್ವಿಚ್ಚೇ ಆಗಿರುತ್ತದೆ. ಆದ್ಯತೆಯಲ್ಲಿ ಚಿಕ್ಕ ಅಂಕೆಯೇ ಗೆಲ್ಲುವುದರಿಂದ ನಡುವಿನ ದೊಡ್ಡ ಸ್ವಿಚ್‌ಗೆ 4096 ಕೊಡಿ.

ದೂರದಿಂದ ಬದಲಿಸುವುದಕ್ಕೆ ಸಿಸ್ಕೊದಲ್ಲಿ ಒಂದು ಒಳ್ಳೆಯ ದಾರಿ ಇದೆ. ಮೊದಲು ಈಗಿರುವ ಸಂರಚನೆಯನ್ನು ಉಳಿಸಿ. ಆಮೇಲೆ ‘ರೀಲೋಡ್ ಇನ್ 10’ ಎಂಬ ಆದೇಶ ಕೊಡಿ, ಹತ್ತು ನಿಮಿಷದ ನಂತರ ರೀಬೂಟ್ ಎಂದು ಸ್ವಿಚ್ ಗುರುತು ಹಾಕಿಕೊಳ್ಳುತ್ತದೆ. ಈಗ ಬದಲಾವಣೆ ಮಾಡಿ, ಉಳಿಸಬೇಡಿ. ಸಂಪರ್ಕ ಕಡಿದರೆ ಸುಮ್ಮನೆ ಕಾಯಿರಿ, ಸ್ವಿಚ್ ರೀಬೂಟ್ ಆಗಿ ಹಳೆಯ ಸಂರಚನೆಗೆ ಮರಳುತ್ತದೆ, ರಾಣೆಬೆನ್ನೂರಿಗೆ ರಾತ್ರಿ ಯಾರೂ ಓಡಿಬರಬೇಕಾಗಿಲ್ಲ. ಎಲ್ಲ ಸರಿ ನಡೆದರೆ ‘ರೀಲೋಡ್ ಕ್ಯಾನ್ಸಲ್’ ಎಂದು ಆ ಗುರುತನ್ನು ತೆಗೆದು, ನಂತರ ಹೊಸದನ್ನು ಉಳಿಸಿ.